ಬಣ್ಣ ಮೊದಲೋ, ನೂಲು ಮೊದಲೋ? ಗೆಳತಿಯರು ಸೇರಿ ಒಂದೇ ಉಣ್ಣೆಗೆ ಕೈ ಹಾಕುವಾಗ

ಕದಿರುಗೆಳತಿ:

ನಾವು ನಾಲ್ವರು ಗೆಳತಿಯರು. ಇಬ್ಬರು ಕದಿರಿನಲ್ಲಿ ನೂಲುತ್ತೇವೆ, ಒಬ್ಬಳ ಬಳಿ ಕಾಲಿನಿಂದ ತುಳಿಯುವ ರಾಟೆ ಇದೆ. ನಾಲ್ಕನೆಯವಳು ನೂಲುವುದಿಲ್ಲ, ಹೆಣೆಯುತ್ತಾಳೆ. ಆದರೆ ಬಣ್ಣದ ವಿಷಯದಲ್ಲಿ ಅವಳ ಕಣ್ಣು ನಮ್ಮೆಲ್ಲರಿಗಿಂತ ಚುರುಕು. ಇಷ್ಟು ದಿನ ಅವರವರ ಉಣ್ಣೆ ಅವರವರದು. ಪಕ್ಕಪಕ್ಕದಲ್ಲಿ ಕುಳಿತು ನೂಲುತ್ತಿದ್ದೆವು, ಅಷ್ಟೆ. ಈ ಸಲ ಕಾರಿಡೇಲ್ ತಳಿಯ ಒಂದು ಕುರಿಯ ಇಡೀ ತುಪ್ಪಟವನ್ನು ಕೂಡಿ ಕೊಂಡಿದ್ದೇವೆ. ಬಿಳಿ ಉಣ್ಣೆ, ಎಳೆಯ ಉದ್ದ ಸುಮಾರು ನಾಲ್ಕು ಅಂಗುಲ. ತೊಳೆದು, ಜಿಡ್ಡು ತೆಗೆದು, ಒಣಗಿಸಿ ಇಟ್ಟಿದ್ದೇವೆ. ಜೊತೆಗೆ ಸಣ್ಣ ಚೀಲದಲ್ಲಿ ಬೂದು ಉಣ್ಣೆಯೂ ಇದೆ.

ನಾಲ್ವರ ಕೆಲಸವೂ ಸೇರಿದ ಒಂದು ಸ್ವೆಟರ್ ಆಗಬೇಕು ಎಂಬುದು ಆಸೆ. ಮೊದಲ ಹೆಜ್ಜೆಯಲ್ಲೇ ಭಿನ್ನಾಭಿಪ್ರಾಯ ಬಂದಿದೆ. ಬಿಳಿಯಾಗಿಯೇ ನೂಲು ತೆಗೆದು ಆಮೇಲೆ ಲಡಿಗಳಿಗೆ, ಅಂದರೆ ಸುತ್ತಿಟ್ಟ ನೂಲಿನ ಕಟ್ಟುಗಳಿಗೆ, ಬಣ್ಣ ಹಾಕೋಣ ಎನ್ನುವವರು ಇಬ್ಬರು. ಉಣ್ಣೆಗೇ ಬಣ್ಣ ಹಾಕಿ ಆಮೇಲೆ ನೂಲೋಣ ಎನ್ನುವವರು ಇಬ್ಬರು. ಎರಡನ್ನೂ ಮಾಡಿ ನೋಡಿದವರು ದಯವಿಟ್ಟು ಹೇಳಿ. ಗಿಡಮೂಲದ ಬಣ್ಣವೋ ಪುಡಿ ಬಣ್ಣವೋ ಎಂಬುದೂ ಇನ್ನೂ ತೀರ್ಮಾನವಾಗಿಲ್ಲ.

ಬಾನಿಬಣ್ಣ:

ನಾನು ನೂಲು ಮೊದಲು ಎನ್ನುವ ಪಕ್ಷ. ಕಾರಣ ಹೇಳುತ್ತೇನೆ. ಮೂವರು ನೂಲುವಾಗ ಮೂರು ಬಗೆಯ ನೂಲು ಬರುತ್ತದೆ. ಒಬ್ಬರದು ಸ್ವಲ್ಪ ದಪ್ಪ, ಇನ್ನೊಬ್ಬರದು ಬಿಗಿ, ಮತ್ತೊಬ್ಬರದು ಮೃದು. ಅದೆಲ್ಲವನ್ನೂ ಒಂದೇ ಬಾನಿಯಲ್ಲಿ, ಒಂದೇ ಬಣ್ಣದ ನೀರಿನಲ್ಲಿ ಇಳಿಸಿದಾಗ ನೋಡುವವರ ಕಣ್ಣಿಗೆ ಒಂದೇ ಕುಟುಂಬದ ನೂಲಾಗಿ ಕಾಣುತ್ತದೆ. ಬಣ್ಣಕ್ಕೆ ಆ ಶಕ್ತಿ ಇದೆ.

ಉಣ್ಣೆ ಪ್ರೋಟೀನಿನ ನಾರು. ಕೂದಲು, ಉಗುರುಗಳಲ್ಲಿರುವ ಕೆರಾಟಿನ್ ಇದರಲ್ಲೂ ಇದೆ. ಅದಕ್ಕೆ ಆಸಿಡ್ ಬಣ್ಣಗಳು ಬಹಳ ಚೆನ್ನಾಗಿ ಕಚ್ಚುತ್ತವೆ. ಹೆಸರು ಕೇಳಿ ಹೆದರಬೇಡಿ. ಇಲ್ಲಿ ಆಮ್ಲವೆಂದರೆ ವಿನೆಗರ್ ಅಥವಾ ಸಿಟ್ರಿಕ್ ಆಮ್ಲ. ಲೆಕ್ಕ ಸುಲಭ: 100 ಗ್ರಾಂ ಒಣ ಉಣ್ಣೆಗೆ 1 ಗ್ರಾಂ ಪುಡಿ ಹಾಕಿದರೆ ಮಧ್ಯಮ ಗಾಢತೆ. ತೆಳು ಛಾಯೆಗೆ ಅದರ ಕಾಲು ಭಾಗ ಸಾಕು, ಕಡುಬಣ್ಣಕ್ಕೆ ಎರಡರಷ್ಟು ಬೇಕು. ಪುಡಿಯನ್ನು ಪ್ರತಿ ಸಲ ತೂಗುವುದರ ಬದಲು 1 ಗ್ರಾಂ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಮಾಡಿ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಆಗ ಮಿಲಿಲೀಟರ್ ಅಳೆದರೆ ಸಾಕು. ಗೆಳತಿಯರು ಬೇರೆ ಬೇರೆ ದಿನ ಬಣ್ಣ ಹಾಕಿದರೂ ಲೆಕ್ಕ ಒಂದೇ ಇರುತ್ತದೆ.

ಸಮವಾಗಿ ಬಣ್ಣ ಹತ್ತಬೇಕಾದರೆ ಅವಸರ ಮಾಡಬಾರದು. ಲಡಿಯನ್ನು ಅರ್ಧ ಗಂಟೆಯಾದರೂ ನೀರಿನಲ್ಲಿ ನೆನೆಸಿ, ನಡುವಿನ ಗಾಳಿಯೆಲ್ಲ ಹೋಗಬೇಕು. 100 ಗ್ರಾಂ ಉಣ್ಣೆಗೆ ಮೂರು ಲೀಟರಿನಷ್ಟು ನೀರು. ಬಣ್ಣದ ನೀರು ಉಗುರುಬೆಚ್ಚಗೆ ಇರುವಾಗಲೇ ಲಡಿ ಇಳಿಸಿ. ಬಿಸಿ ನಿಧಾನವಾಗಿ ಏರಲಿ. ಆಮ್ಲವನ್ನು ಒಮ್ಮೆಲೇ ಸುರಿಯದೆ ಎರಡು ಮೂರು ಕಂತಿನಲ್ಲಿ ಹಾಕಿ. ಪ್ರತಿ ಸಲವೂ ಲಡಿಯನ್ನು ಒಂದು ಬದಿಗೆ ಎತ್ತಿ ಹಿಡಿದುಕೊಂಡು ಹಾಕಬೇಕು. 85ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಅಲ್ಲೇ ನಿಲ್ಲಿಸಿ. ಬಣ್ಣವೆಲ್ಲ ಉಣ್ಣೆಗೆ ಹೋಗಿ ನೀರು ತಿಳಿಯಾಗುವ ಆ ಗಳಿಗೆ ಈ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಎಷ್ಟು ಸಲ ಕಂಡರೂ ಹಳತಾಗುವುದಿಲ್ಲ.

ಒಂದು ಮುಖ್ಯ ಮಾತು: ಸ್ವೆಟರಿಗೆ ಬೇಕಾದ ಅಷ್ಟೂ ಲಡಿಗಳನ್ನು ಒಂದೇ ಸಲ ಇಳಿಸುವಷ್ಟು ದೊಡ್ಡ ಪಾತ್ರೆ ಇಲ್ಲದಿದ್ದರೆ ನನ್ನ ವಾದ ಅರ್ಧ ಬಿದ್ದುಹೋಗುತ್ತದೆ.

ಹಿಂಜುವವ:

ಆ ಕೊನೆಯ ವಾಕ್ಯದಿಂದಲೇ ನನ್ನ ಮಾತು ಶುರು. ದೊಡ್ಡ ಪಾತ್ರೆ ಎಷ್ಟು ಮನೆಗಳಲ್ಲಿದೆ? ಎರಡು ಪಾತ್ರೆಯಲ್ಲಿ ಎರಡು ಸಲ ಹಾಕಿದ ಲಡಿಗಳ ನಡುವಿನ ವ್ಯತ್ಯಾಸ ಹೆಣೆದ ಮೇಲೆ ಎದೆಯ ಮೇಲೆ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಉಣ್ಣೆಗೇ ಬಣ್ಣ ಹಾಕಿದರೆ ಈ ಚಿಂತೆಯೇ ಇಲ್ಲ. ಹತ್ತು ಬಾರಿ ಸಣ್ಣ ಪಾತ್ರೆಯಲ್ಲಿ ಹಾಕಿ, ಹತ್ತೂ ಬೇರೆ ಬೇರೆ ಛಾಯೆ ಬರಲಿ. ಆಮೇಲೆ ಎಲ್ಲವನ್ನೂ ಕೂಡಿಸಿ ಹಿಂಜಿದಾಗ ಆ ವ್ಯತ್ಯಾಸಗಳೇ ಬಣ್ಣಕ್ಕೆ ಆಳ ಕೊಡುತ್ತವೆ. ಒಂದು ಕಡೆ ಗಾಢ, ಒಂದು ಕಡೆ ತೆಳು ಹತ್ತಿದ ಉಣ್ಣೆಯನ್ನು ನಾನು ಬೇಕೆಂದೇ ಹಾಗೆ ಮಾಡುತ್ತೇನೆ.

ಕಣ್ಣು ಹೇಗೆ ಬೆರೆಸುತ್ತದೆ ಎಂಬುದನ್ನು ಗಮನಿಸಿ. ನೀಲಿ ಮತ್ತು ಹಳದಿ ಪುಡಿಯನ್ನು ಪಾತ್ರೆಯಲ್ಲಿ ಬೆರೆಸಿದರೆ ಹಸಿರು ಬರುತ್ತದೆ, ಅದು ಹಸಿರು ಮಾತ್ರ. ನೀಲಿ ಉಣ್ಣೆ, ಹಳದಿ ಉಣ್ಣೆಗಳನ್ನು ಹಿಂಜಿ ನೂತರೆ ದೂರದಿಂದ ಹಸಿರು, ಹತ್ತಿರದಿಂದ ನೀಲಿಯೂ ಇದೆ, ಹಳದಿಯೂ ಇದೆ, ಅವೆರಡರ ನಡುವಿನದೂ ಇದೆ. ಇಂಥ ನೂಲನ್ನು ಲಡಿಗೆ ಬಣ್ಣ ಹಾಕಿ ತರಲಾಗುವುದಿಲ್ಲ. ಟ್ವೀಡ್ ಎಂಬ ಬೆಲೆಬಾಳುವ ದಪ್ಪ ಉಣ್ಣೆಬಟ್ಟೆಗಳ ಸೊಬಗೆಲ್ಲ ಇಲ್ಲಿಂದಲೇ ಬಂದದ್ದು.

ಹಿಂಜುವಾಗ ಎರಡು ವಿಷಯ ನೆನಪಿರಲಿ. ಬೆರೆತಾಗ ಬಣ್ಣದ ತೀಕ್ಷ್ಣತೆ ಇಳಿಯುತ್ತದೆ, ಆದ್ದರಿಂದ ನಿಮಗೆ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಗಾಢವಾಗಿ ಹಾಕಿ. ಹಾಗೆಯೇ ಕೆಂಪು ಹಸಿರಿನಂತೆ ಎದುರುಬದುರು ನಿಲ್ಲುವ ಬಣ್ಣಗಳನ್ನು ಸಮಸಮವಾಗಿ ಬೆರೆಸಿದರೆ ಮಣ್ಣಿನ ಬಣ್ಣ ಬರುತ್ತದೆ; ಒಂದು ಹೆಚ್ಚು, ಇನ್ನೊಂದು ಚಿಟಿಕೆಯಷ್ಟು ಇದ್ದರೆ ಮಾತ್ರ ಜೀವ. ನಿಮ್ಮ ಬೂದು ಉಣ್ಣೆಯನ್ನು ಪಕ್ಕಕ್ಕಿಡಬೇಡಿ. ಅದರ ಮೇಲೆಯೇ ನೀಲಿ ಅಥವಾ ಕೆಂಪು ಹಾಕಿ ನೋಡಿ, ಬಿಳಿಯ ಮೇಲೆ ಎಂದಿಗೂ ಬಾರದ ಶಾಂತ ಛಾಯೆ ಬರುತ್ತದೆ.

ಇನ್ನೊಂದು ಕಾರಣವನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ನಾಲ್ವರ ಕೆಲಸವೂ ಸೇರಬೇಕು ಎಂದಿರಿ. ಲಡಿಯ ಲೆಕ್ಕದಲ್ಲಿ ಹೋದರೆ ಈ ತೋಳು ಇವಳದು, ಆ ಬೆನ್ನು ಅವಳದು ಎಂದಾಗುತ್ತದೆ. ನಾಲ್ವರೂ ಒಂದೊಂದು ಬಣ್ಣ ಹಾಕಿ, ಅದನ್ನೆಲ್ಲ ಸೇರಿಸಿ ಹಿಂಜಿದರೆ ನೂಲಿನ ಒಂದೊಂದು ಅಂಗುಲದಲ್ಲೂ ನಾಲ್ವರಿದ್ದೀರಿ. ನೂಲದ ಗೆಳತಿಯೂ ಇದ್ದಾಳೆ.

ಹೊಸನೂಲು:

ನಡುವೆ ಒಂದು ಪ್ರಶ್ನೆ ಕೇಳಬಹುದೇ? ಬಿಡಿ ಉಣ್ಣೆಯನ್ನು ಬಿಸಿನೀರಿಗೆ ಹಾಕಿದರೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಮುದ್ದೆಯಾಗುತ್ತದೆ ಎಂದು ಕೇಳಿದ್ದೇನೆ. 90 ಡಿಗ್ರಿ ಎಂದು ಓದಿ ಗಾಬರಿಯಾಯಿತು. ಲಡಿಯಾದರೆ ಆ ಭಯ ಕಡಿಮೆ ಅಲ್ಲವೇ?

ಬಾನಿಬಣ್ಣ:

ಬಿಸಿಯೊಂದರಿಂದಲೇ ಉಣ್ಣೆ ಗಟ್ಟಿಯಾಗುವುದಿಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಪೊರೆಗಳಿರುತ್ತವೆ. ಬಿಸಿಯಲ್ಲಿ ನೆನೆದು ಉಬ್ಬಿದ ಎಳೆಗಳನ್ನು ಕಲಕಿದಾಗ ಅಥವಾ ಉಜ್ಜಿದಾಗ ಆ ಪೊರೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಆದ್ದರಿಂದ ಕಲಕಬೇಡಿ, ಕುದಿಯಲು ಬಿಡಬೇಡಿ, ಬಿಸಿ ಪಾತ್ರೆಯಿಂದ ತೆಗೆದು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಯಬೇಡಿ. ಒಲೆ ಆರಿಸಿ ಪಾತ್ರೆಯಲ್ಲೇ ತಣ್ಣಗಾಗಲು ಬಿಡಿ. ಬಿಡಿ ಉಣ್ಣೆಯನ್ನು ಬಲೆಯ ಚೀಲದಲ್ಲಿ ಸಡಿಲವಾಗಿ ತುಂಬಿ ಇಳಿಸಿದರೆ ಎತ್ತುವುದೂ ಸುಲಭ. ಲಡಿಯಾದರೆ ನಾಲ್ಕು ಕಡೆ ಎಂಟರ ಆಕಾರದಲ್ಲಿ ಕಟ್ಟಿ, ಕಟ್ಟು ಮಾತ್ರ ಸಡಿಲವಿರಲಿ. ಬಿಗಿದರೆ ಅಲ್ಲಿ ಬಣ್ಣ ಹೋಗುವುದಿಲ್ಲ.

ಸೂಪರ್‌ವಾಶ್ ಎಂದು ಬರೆದಿರುವ ಉಣ್ಣೆಯಾದರೆ ಆ ಪೊರೆಗಳನ್ನು ಮೊದಲೇ ಸವೆಸಿ ಅಥವಾ ಮುಚ್ಚಿ ಕೊಟ್ಟಿರುತ್ತಾರೆ. ಅದು ಮುದ್ದೆಯಾಗುವುದಿಲ್ಲ, ಬಣ್ಣವನ್ನೂ ತುಂಬಾ ಬೇಗ ಹೀರುತ್ತದೆ. ಸಾಧಾರಣ ಉಣ್ಣೆ, ಸೂಪರ್‌ವಾಶ್ ಎರಡನ್ನೂ ಒಂದೇ ಪಾತ್ರೆಯಲ್ಲಿ ಹಾಕಿದರೆ ಸೂಪರ್‌ವಾಶ್ ಬಣ್ಣವನ್ನೆಲ್ಲ ಮೊದಲು ಕಸಿದುಕೊಳ್ಳುತ್ತದೆ.

ಹಿಂಜುವವ ಅವರೇ, ಸಣ್ಣ ಪಾತ್ರೆಯ ಮಾತು ಒಪ್ಪಿದೆ. ಒಂದೇ ಸ್ವೆಟರ್, ನಾಲ್ಕು ಮನೆ, ನಾಲ್ಕು ಒಲೆ ಎಂದಾದರೆ ನಿಮ್ಮ ದಾರಿಯೇ ಸರಿ.

ಎರಡೆಳೆ:

ಬಣ್ಣ ಯಾವಾಗ ಎಂಬುದಕ್ಕಿಂತ ಮೊದಲು ಮೂವರ ನೂಲು ಕೂಡುತ್ತದೆಯೇ ಎಂದು ನೋಡಬೇಕು. ಬಣ್ಣ ಎಲ್ಲವನ್ನೂ ಮುಚ್ಚುವುದಿಲ್ಲ. ತೂಕವಿಲ್ಲದ ಮೃದು ನೂಲಿನ ತೋಳು, ಬಿಗಿ ನೂಲಿನ ಬೆನ್ನು ಸೇರಿದ ಸ್ವೆಟರ್ ಒಗೆದ ಮೇಲೆ ಎರಡು ದಿಕ್ಕಿಗೆ ಎಳೆಯುತ್ತದೆ.

ಮೊದಲು ನೋಡಬೇಕಾದದ್ದು ತಿರುಚುವ ದಿಕ್ಕು. ಮೂವರೂ ಕದಿರನ್ನು ಅಥವಾ ರಾಟೆಯನ್ನು ಒಂದೇ ಕಡೆ ತಿರುಗಿಸುತ್ತಿದ್ದೀರಾ? ಸಾಮಾನ್ಯವಾಗಿ ಒಂಟಿ ಎಳೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನೂತು, ಎಳೆಗಳನ್ನು ಕೂಡಿಸಿ ಹುರಿ ಮಾಡುವಾಗ ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸುತ್ತೇವೆ. ಎಡಗೈಯಲ್ಲಿ ಕದಿರು ತಿರುಗಿಸುವವರು ತಮಗರಿವಿಲ್ಲದೆ ಉಲ್ಟಾ ನೂಲುತ್ತಿರಬಹುದು. ಅವರ ಎಳೆಯನ್ನು ಇನ್ನೊಬ್ಬರ ಎಳೆಯೊಡನೆ ಹುರಿ ಮಾಡಿದರೆ ಒಂದರ ತಿರುಚು ಬಿಚ್ಚುತ್ತಾ ಹೋಗುತ್ತದೆ, ಇನ್ನೊಂದರದು ಏರುತ್ತಾ ಹೋಗುತ್ತದೆ. ಸಡಿಲವಾದದ್ದು ಕಿತ್ತುಬರುತ್ತದೆ. ಇದನ್ನು ಮೊದಲ ದಿನವೇ ನೋಡಿಕೊಳ್ಳಿ.

ಆಮೇಲೆ ತಿರುಚಿನ ಪ್ರಮಾಣ. ಆಗತಾನೇ ನೂತ ಎಳೆಯನ್ನು ಒಂದು ಗೇಣು ಎಳೆದು ಮಡಚಿ ಬಿಡಿ, ಅದು ತಾನೇ ಸುತ್ತಿಕೊಂಡು ಎರಡೆಳೆಯಾಗುತ್ತದೆ. ನಿಮ್ಮ ಕೊನೆಯ ನೂಲು ಹೀಗೇ ಇರುತ್ತದೆ. ಮೂವರೂ ಒಪ್ಪುವ ಒಂದು ತುಂಡನ್ನು ಸಣ್ಣ ರಟ್ಟಿಗೆ ಸುತ್ತಿ, ಅದರ ಪಕ್ಕದಲ್ಲಿ ಒಂಟಿ ಎಳೆಯ ತುಂಡನ್ನೂ ಅಂಟಿಸಿ, ಮೂವರ ಕೈಗೂ ಒಂದೊಂದು ರಟ್ಟು ಕೊಡಿ. ಆಗಾಗ ನಿಮ್ಮ ಎಳೆಯನ್ನು ಆ ರಟ್ಟಿನ ಪಕ್ಕ ಹಿಡಿದು ನೋಡುತ್ತಿರಿ. ಮಾತಿನಲ್ಲಿ ತೆಳ್ಳಗೆ, ದಪ್ಪಗೆ ಎಂದುಕೊಂಡರೆ ಸಾಲದು, ಒಬ್ಬರ ತೆಳ್ಳಗೆ ಇನ್ನೊಬ್ಬರಿಗೆ ದಪ್ಪ. ಕಣ್ಣಿಗಿಂತ ತಕ್ಕಡಿಯನ್ನು ನಂಬುವುದು ಇನ್ನೂ ಒಳ್ಳೆಯದು: ಹುರಿ ಮಾಡಿ ತೊಳೆದ ನೂಲಿನಲ್ಲಿ 10 ಮೀಟರ್ ಅಳೆದು ತೂಗಿ. ಮೂವರ ತೂಕವೂ ಹತ್ತಿರ ಹತ್ತಿರ ಇದ್ದರೆ ಹೆಣಿಗೆಯಲ್ಲಿ ತೊಂದರೆ ಬರುವುದಿಲ್ಲ.

ಇಷ್ಟಾದ ಮೇಲೂ ವ್ಯತ್ಯಾಸ ಉಳಿಯುತ್ತದೆ, ಉಳಿಯಲಿ. ಅದನ್ನು ಹಂಚಿಬಿಡುವ ಉಪಾಯ ಒಂದಿದೆ. ಒಬ್ಬಳ ಒಂಟಿ ಎಳೆ, ಇನ್ನೊಬ್ಬಳ ಒಂಟಿ ಎಳೆ, ಮತ್ತೊಬ್ಬಳದು, ಮೂರನ್ನೂ ಕೂಡಿಸಿ ಮೂರೆಳೆಯ ಹುರಿ ಮಾಡಿ. ಆಗ ಪ್ರತಿ ಲಡಿಯಲ್ಲೂ ಮೂವರ ಕೈ ಸಮನಾಗಿರುತ್ತದೆ, ದಪ್ಪ ತೆಳುವೂ ಒಂದನ್ನೊಂದು ಸರಿದೂಗಿಸುತ್ತದೆ. ಮೂರೆಳೆಯ ನೂಲು ದುಂಡಗಿರುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ಹಳೆಯ ಎಳೆಯ ತಿರುಚು ಮಲಗಿರುತ್ತದೆ, ಹೊಸ ಎಳೆಯದು ಎದ್ದಿರುತ್ತದೆ. ಆದ್ದರಿಂದ ಮೂವರ ಎಳೆಗಳೂ ಒಂದು ರಾತ್ರಿಯಾದರೂ ಕದಿರಿನಲ್ಲೇ ವಿಶ್ರಾಂತಿ ಪಡೆದ ಮೇಲೆ ಕೂಡಿಸುವುದು ಒಳ್ಳೆಯದು.

ಬಣ್ಣದ ವಿಷಯದಲ್ಲಿ ನಾನು ಹಿಂಜುವವ ಅವರ ಜೊತೆ.

ಮಂಜಿಷ್ಠ:

ಗಿಡಮೂಲದ ಬಣ್ಣದ ಬಗ್ಗೆ ಯಾರೂ ಇನ್ನೂ ಹೇಳಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನೀವು ಉಣ್ಣೆಗೆ ಮೊದಲೇ ಬಣ್ಣ ಹಾಕುವುದಾದರೆ ಗಿಡಮೂಲದ ಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಪ್ರತಿ ಸಲವೂ ಛಾಯೆ ಸ್ವಲ್ಪ ಬದಲಾಗುವುದು ಈ ಬಣ್ಣಗಳ ಸ್ವಭಾವ. ಹಿಂಜಿ ಬೆರೆಸುವವರಿಗೆ ಅದೇ ಸಂಪತ್ತು.

1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ನೇರಳೆ ಬಣ್ಣವನ್ನು ಪ್ರಯೋಗಶಾಲೆಯಲ್ಲಿ ಮಾಡುವವರೆಗೆ ಜಗತ್ತಿನ ಬಹುಪಾಲು ಬಟ್ಟೆಗೆ ಬಣ್ಣ ಬಂದದ್ದು ಬೇರು, ಎಲೆ, ತೊಗಟೆ, ಕೀಟಗಳಿಂದ. 1868ರಲ್ಲಿ ಗ್ರೇಬೆ ಮತ್ತು ಲೀಬರ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಮಂಜಿಷ್ಠದ ಬೇರಿನಲ್ಲಿರುವ, ಕೆಂಪು ಕೊಡುವ ಅಲಿಜರಿನ್ ಅನ್ನು ಕೃತಕವಾಗಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ, ಅಂದರೆ ಇಂಡಿಗೋ, ಮಾರುಕಟ್ಟೆಗೆ ಬಂತು. ಅಂದರೆ ಸಾವಿರಾರು ವರ್ಷದ ವಿದ್ಯೆ ಕೆಲವೇ ದಶಕಗಳಲ್ಲಿ ಬದಿಗೆ ಸರಿಯಿತು. ಅದನ್ನು ಕೈಯಾರೆ ಮತ್ತೆ ಮಾಡಿ ನೋಡುವುದು ನನಗೆ ದೊಡ್ಡ ವಿಷಯ.

ಹೆಚ್ಚಿನ ಗಿಡಮೂಲದ ಬಣ್ಣಗಳು ತಾವಾಗಿಯೇ ಉಣ್ಣೆಯಲ್ಲಿ ನಿಲ್ಲುವುದಿಲ್ಲ. ಪಟಿಕ ಬೇಕು. 100 ಗ್ರಾಂ ಒಣ ಉಣ್ಣೆಗೆ 10ರಿಂದ 15 ಗ್ರಾಂ ಪಟಿಕ, 5 ಗ್ರಾಂ ಕ್ರೀಮ್ ಆಫ್ ಟಾರ್ಟರ್ (ಅಡುಗೆಯಲ್ಲೂ ಬಳಸುವ ಹುಳಿ ಪುಡಿ). ಎರಡನ್ನೂ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ನೆನೆಸಿದ ಉಣ್ಣೆಯನ್ನು ಇಳಿಸಿ, 80 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟು, ರಾತ್ರಿಯಿಡೀ ಅದರಲ್ಲೇ ಬಿಡಿ. ಪಟಿಕ ಹೆಚ್ಚಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ, ಅತಿಯಾದರೆ ಉಣ್ಣೆ ಅಂಟಂಟಾಗುತ್ತದೆ, ನೂಲುವಾಗ ಬೆರಳಿಗೆ ಗೊತ್ತಾಗುತ್ತದೆ.

ಚೆಂಡು ಹೂವಿನಿಂದ ಹೊಂಬಣ್ಣದ ಹಳದಿ. ಈರುಳ್ಳಿಯ ಒಣ ಸಿಪ್ಪೆಯಿಂದ ಚಿನ್ನದ ಬಣ್ಣದಿಂದ ಕಿತ್ತಳೆಯವರೆಗೆ. ಈ ಎರಡರ ಮೇಲೂ ಕಬ್ಬಿಣದ ಉಪ್ಪು, ಅಂದರೆ ಫೆರಸ್ ಸಲ್ಫೇಟ್, ಉಣ್ಣೆಯ ತೂಕದ ಶೇಕಡಾ 1ರಿಂದ 2ರಷ್ಟು ಹಾಕಿದರೆ ಬಣ್ಣ ಪಾಚಿಯ ಹಸಿರಿನತ್ತ ಇಳಿಯುತ್ತದೆ. ಹೆಚ್ಚು ಹಾಕಬೇಡಿ, ಕಬ್ಬಿಣ ಉಣ್ಣೆಯನ್ನು ಒರಟಾಗಿಸಿ ಸುಲಭವಾಗಿ ಮುರಿಯುವಂತೆ ಮಾಡುತ್ತದೆ. ಕೆಂಪಿಗೆ ಮಂಜಿಷ್ಠ. ರೂಬಿಯಾ ಟಿಂಕ್ಟೋರಮ್ ಎಂಬ ಜಾತಿಯ ಬೇರಾದರೆ ಬಿಸಿ 70 ಡಿಗ್ರಿ ದಾಟದಂತೆ ಕಾಯಬೇಕು. ಕುದಿಸಿದರೆ ಕಂದು ಅಂಶ ಹೊರಬಂದು ಕೆಂಪು ಮಂಕಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಅರಿಶಿನದ ಆಸೆ ಬೇಡ. ಪಟಿಕವಿಲ್ಲದೆಯೇ ಕಣ್ಣು ಕುಕ್ಕುವ ಹಳದಿ ಬರುತ್ತದೆ ನಿಜ, ಬಿಸಿಲಿನಲ್ಲಿ ಅಷ್ಟೇ ಬೇಗ ಹೋಗುತ್ತದೆ. ಬೀಟ್‌ರೂಟ್ ಕೂಡ ಹಾಗೆಯೇ, ಪಾತ್ರೆಯಲ್ಲಿ ಕಂಡ ಬಣ್ಣ ಉಣ್ಣೆಯಲ್ಲಿ ಉಳಿಯುವುದಿಲ್ಲ. ನಾಲ್ವರ ಶ್ರಮ ಸೇರಿದ ಸ್ವೆಟರಿಗೆ ಇಂಥವನ್ನು ಬಳಸುವುದು ಅನ್ಯಾಯ. ಯಾವ ಬಣ್ಣದ ಬಗ್ಗೆ ಅನುಮಾನವಿದ್ದರೂ ಸ್ವಲ್ಪ ನೂಲನ್ನು ರಟ್ಟಿಗೆ ಸುತ್ತಿ, ಅರ್ಧ ಭಾಗವನ್ನು ದಪ್ಪ ಕಾಗದದಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಡಿ. ಮುಚ್ಚಿದ ಭಾಗ, ತೆರೆದ ಭಾಗ ಪಕ್ಕಪಕ್ಕದಲ್ಲಿ ನಿಂತು ನಿಜ ಹೇಳುತ್ತವೆ.

ಬಾನಿಬಣ್ಣ:

ಗಿಡಮೂಲದ್ದು ಎಂದ ಮಾತ್ರಕ್ಕೆ ನಿರಪಾಯಕಾರಿ ಎಂದು ಯಾರೂ ತಿಳಿಯಬಾರದು ಎಂದು ಸೇರಿಸಲು ಬಯಸುತ್ತೇನೆ. ಹಳೆಯ ವಿಧಾನಗಳಲ್ಲಿ ಪೊಟಾಸಿಯಂ ಡೈಕ್ರೋಮೇಟ್ ಬರುತ್ತದೆ. ಅದು ಕ್ಯಾನ್ಸರ್‌ಕಾರಕ, ಮನೆಯಲ್ಲಿ ಬಳಸಲೇಬಾರದು. ತಾಮ್ರದ ಸಲ್ಫೇಟ್ ನೀರಿನಲ್ಲಿರುವ ಜೀವಿಗಳಿಗೆ ವಿಷ. ಅದರ ನೀರನ್ನು ಚರಂಡಿಗೆ ಚೆಲ್ಲುವಂತಿಲ್ಲ. ಪಟಿಕ ಮತ್ತು ಸ್ವಲ್ಪ ಕಬ್ಬಿಣದಿಂದ ಬರದ ಬಣ್ಣ ಹವ್ಯಾಸಿಗಳಿಗೆ ಬೇಡ ಎಂಬುದು ನನ್ನ ದೃಢ ಅಭಿಪ್ರಾಯ.

ಪುಡಿ ಬಣ್ಣಕ್ಕೂ ಶಿಸ್ತು ಬೇಕು. ಒಣ ಪುಡಿ ಗಾಳಿಗೆ ಏಳುತ್ತದೆ, ತೂಗುವಾಗ ಮೂಗು ಬಾಯಿ ಮುಚ್ಚುವ ಮಾಸ್ಕ್ ಇರಲಿ, ಕೆಳಗೆ ಒದ್ದೆ ಕಾಗದ ಹಾಸಿರಿ. ಬಣ್ಣದ ಪಾತ್ರೆ, ಚಮಚ, ಲೋಟಗಳು ಬಣ್ಣಕ್ಕೆ ಮಾತ್ರ. ಗೆಳತಿಯರು ಸೇರಿದಾಗ ಮಾತಿನ ಭರದಲ್ಲಿ ಈ ಲೋಟ ಯಾವುದು ಎಂಬ ಗೊಂದಲ ಸುಲಭವಾಗಿ ಆಗುತ್ತದೆ. ತಿನ್ನುವುದು ಕುಡಿಯುವುದು ಬೇರೆ ಕೋಣೆಯಲ್ಲಿ ಇರಲಿ.

ಹೊಸನೂಲು:

ನೀಲಿಗೆ ಏನು ಮಾಡುತ್ತೀರಿ? ಅದಕ್ಕೂ ಪಟಿಕವೇ?

ಮಂಜಿಷ್ಠ:

ನೀಲಿಯ ದಾರಿಯೇ ಬೇರೆ, ಅದಕ್ಕೆ ಪಟಿಕ ಬೇಡ. ನಾನು ಹೇಳುವ ನೀಲಿ ಎಂದರೆ ನೀಲಿ ಗಿಡದ ಇಂಡಿಗೋ, ಅದು ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ನೀರಿನಲ್ಲಿ ಅದರ ಆಮ್ಲಜನಕದ ಹಿಡಿತ ಬಿಡಿಸಿದಾಗ ಕರಗುವ ರೂಪಕ್ಕೆ ಬರುತ್ತದೆ, ಆಗ ಬಾನಿಯ ನೀರು ಹಳದಿ ಹಸಿರು. ಉಣ್ಣೆಯನ್ನು ಅದರಲ್ಲಿ ಅದ್ದಿ ಎತ್ತಿದರೆ ಹಸಿರಾಗಿ ಮೇಲೆ ಬರುತ್ತದೆ, ಗಾಳಿ ತಾಗುತ್ತಿದ್ದಂತೆ ನಿಮ್ಮ ಕಣ್ಣೆದುರೇ ನೀಲಿಯಾಗುತ್ತದೆ. ಗೆಳೆಯರು ಸೇರಿದ ದಿನ ಮಾಡಬೇಕಾದ ಕೆಲಸವೇ ಇದು. ಒಬ್ಬರೇ ನೋಡಿ ಮುಗಿಸುವ ನೋಟವಲ್ಲ.

ಸುಣ್ಣ ಮತ್ತು ಫ್ರಕ್ಟೋಸ್ ಸಕ್ಕರೆಯಿಂದ ಬಾನಿ ಕಟ್ಟುವ ವಿಧಾನ ಮನೆಗೆ ಅನುಕೂಲ: ತೂಕದಲ್ಲಿ ಒಂದು ಪಾಲು ನೀಲಿ, ಎರಡು ಪಾಲು ಸುಣ್ಣ, ಮೂರು ಪಾಲು ಫ್ರಕ್ಟೋಸ್. ಆದರೆ ಹತ್ತಿ ಸಹಿಸುವಷ್ಟು ಕ್ಷಾರವನ್ನು ಉಣ್ಣೆ ಸಹಿಸುವುದಿಲ್ಲ, ಎಳೆ ಒರಟಾಗಿ ಹಾಳಾಗುತ್ತದೆ. ಬಾನಿ ಸಿದ್ಧವಾದ ಮೇಲೆ ಕ್ಷಾರ ಇಳಿಯುವವರೆಗೆ ಕಾಯಿರಿ, ಬಿಸಿ 50 ಡಿಗ್ರಿಯ ಸುತ್ತ ಇರಲಿ, ಕೆಲವೇ ನಿಮಿಷ ಅದ್ದಿ ತೆಗೆಯಿರಿ. ಗಾಢ ಬೇಕಾದರೆ ಹೆಚ್ಚು ಹೊತ್ತು ಇಡುವ ಬದಲು ಮತ್ತೆ ಮತ್ತೆ ಅದ್ದಿ. ಕೊನೆಯ ತೊಳೆಯುವಿಕೆಯಲ್ಲಿ ಸ್ವಲ್ಪ ವಿನೆಗರ್. ಉಣ್ಣೆಯನ್ನು ನೀರಿನ ಕೆಳಗೇ ಹಿಂಡಿ ಮೆಲ್ಲಗೆ ಎತ್ತಬೇಕು. ತೊಟ್ಟಿಕ್ಕುವ ಹನಿಗಳೊಂದಿಗೆ ಗಾಳಿ ಬಾನಿಗೆ ಇಳಿದರೆ ಬಾನಿ ಸುಸ್ತಾಗುತ್ತದೆ.

ಹಸಿರು ಬೇಕಾದರೆ ಮೊದಲು ನೀಲಿ, ಆಮೇಲೆ ಪಟಿಕ, ಆಮೇಲೆ ಹಳದಿ. ಹಿಂದುಮುಂದಾದರೆ ಬಾನಿಯ ಕ್ಷಾರ ಹಳದಿಯನ್ನು ಕೆಡಿಸಬಹುದು.

ಹೆಣಿಗೆಮನೆ:

ನಾನು ನೂಲುವುದಿಲ್ಲ, ಇವರ ಗುಂಪಿನ ನಾಲ್ಕನೆಯವಳಂತೆ. ಹೆಣೆಯುವವರ ಕಡೆಯಿಂದ ಕೆಲವು ಮಾತು ಹೇಳಬೇಕಿದೆ, ಏಕೆಂದರೆ ನೂಲುವವರು ಲಡಿ ಸುತ್ತಿದಾಗ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ.

ಕೈನೂಲಿನ ಸ್ವೆಟರಿನಲ್ಲಿ ಒಂದು ಲಡಿ ಮುಗಿದ ಮೇಲೆ ಇನ್ನೊಂದು ಲಡಿ ಹಿಡಿಯಬಾರದು. ಎರಡು ಲಡಿಗಳನ್ನು ಒಟ್ಟಿಗೆ ಇಟ್ಟುಕೊಂಡು, ಎರಡು ಸಾಲು ಇದರಿಂದ, ಎರಡು ಸಾಲು ಅದರಿಂದ ಹೆಣೆಯಬೇಕು. ಆಗ ಬಣ್ಣದ, ದಪ್ಪದ ವ್ಯತ್ಯಾಸಗಳೆಲ್ಲ ಕರಗಿಹೋಗುತ್ತವೆ. ಮಾದರಿ ತುಂಡು ಹೆಣೆದು, ಅದನ್ನು ತೊಳೆದು, ಒಣಗಿಸಿ, ಆಮೇಲೆ ಅಳೆಯಿರಿ. ಕೈನೂಲು ನೀರು ಕಂಡ ಮೇಲೆ ಅರಳುತ್ತದೆ. ತೊಳೆಯದ ಅಳತೆಯನ್ನು ನಂಬಿ ಸ್ವೆಟರ್ ಶುರು ಮಾಡುವಂತಿಲ್ಲ.

ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ನೂಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒತ್ತಿ. ಬಟ್ಟೆಗೆ ಕಲೆ ಬಂದರೆ ಆ ನೂಲು ಬಿಳಿಯ ಪಕ್ಕ ಬರಬಾರದು. ಕಡುಕೆಂಪು ಮತ್ತು ನೀಲಿಯನ್ನು ನಾನು ಎಂದೂ ಪರೀಕ್ಷಿಸದೆ ಮುಟ್ಟುವುದಿಲ್ಲ.

ಬಣ್ಣ ಮೊದಲೋ ನೂಲು ಮೊದಲೋ ಎಂಬುದಕ್ಕೆ ನನ್ನ ಉತ್ತರ ಹೆಣಿಗೆಯನ್ನು ಅವಲಂಬಿಸಿದೆ. ಹೂವು, ಗೆರೆ, ಚೌಕಗಳ ವಿನ್ಯಾಸವಿದ್ದರೆ ಅಂಚು ಸ್ಪಷ್ಟವಾಗಿರಬೇಕು. ಅದಕ್ಕೆ ಒಂದೇ ಬಣ್ಣದ ಲಡಿ ಬೇಕು, ಬಾನಿಬಣ್ಣ ಅವರ ದಾರಿ. ಸರಳ ಹೆಣಿಗೆಯ ದೊಡ್ಡ ಸ್ವೆಟರಿಗೆ ಹಿಂಜಿ ಬೆರೆಸಿದ ಬಣ್ಣವೇ ಸೊಗಸು. ಹೆಣೆಯುವ ಕೈಗೂ ಬೇಸರ ಬರುವುದಿಲ್ಲ, ಪ್ರತಿ ಸಾಲಿನಲ್ಲೂ ಏನೋ ಹೊಸದು ಬರುತ್ತಿರುತ್ತದೆ. ಆದ್ದರಿಂದ ಮೊದಲು ನಿಮ್ಮ ಹೆಣೆಯುವ ಗೆಳತಿಯನ್ನು ಕೇಳಿ. ಕೊನೆಯಲ್ಲಿ ತಿಂಗಳುಗಟ್ಟಲೆ ಆ ನೂಲನ್ನು ಹಿಡಿದು ಕೂರುವವಳು ಅವಳು.

ಕದಿರುಗೆಳತಿ:

ಎಲ್ಲರಿಗೂ ಮನಸಾರೆ ಧನ್ಯವಾದ. ನಾಲ್ವರೂ ಒಟ್ಟಿಗೆ ಕುಳಿತು ಎಲ್ಲವನ್ನೂ ಗಟ್ಟಿಯಾಗಿ ಓದಿದೆವು. ಹೆಣಿಗೆಮನೆ ಅವರೇ, ನಮ್ಮ ಹೆಣೆಯುವ ಗೆಳತಿ ನಿಮ್ಮ ಮಾತು ಕೇಳಿ ಅದನ್ನು ಎರಡನೆಯ ಸಲ ಓದಿಸಿದಳು! ಅವಳಿಗೆ ಸರಳ ಹೆಣಿಗೆಯ ಸ್ವೆಟರ್ ಬೇಕಂತೆ. ಹಾಗಾಗಿ ಉಣ್ಣೆಗೇ ಬಣ್ಣ ಎಂದು ತೀರ್ಮಾನವಾಯಿತು. ನೀಲಿ, ಚೆಂಡು ಹೂವಿನ ಹಳದಿ, ಮಂಜಿಷ್ಠದ ಕೆಂಪು, ಮತ್ತು ಬೂದು ಉಣ್ಣೆಯ ಮೇಲೆ ಹಾಕಿದ ನೀಲಿ, ಹೀಗೆ ನಾಲ್ಕು ಬಣ್ಣ, ಒಬ್ಬೊಬ್ಬರಿಗೆ ಒಂದು. ಹಿಂಜುವವ ಅವರೇ, ಬೆರೆಸುವ ಪ್ರಮಾಣ ಹೇಗೆ ನಿರ್ಧರಿಸಬೇಕು? ನಮ್ಮ ಬಳಿ ಕೈಯಿಂದ ತಿರುಗಿಸುವ ಡ್ರಮ್ ಕಾರ್ಡರ್, ಅಂದರೆ ಉಣ್ಣೆ ಹಿಂಜುವ ಉರುಳೆ ಯಂತ್ರ, ಇದೆ.

ಇನ್ನೊಂದು ಚಿಂತೆ. ನಮ್ಮಲ್ಲಿ ಒಬ್ಬಳು ಬಹಳ ನಿಧಾನ. ಅವಳಿಗೆ ನಾವು ಕಾಯುತ್ತಿದ್ದೇವೆ ಎಂಬ ಸಂಕೋಚವಾಗಬಾರದು.

ಹಿಂಜುವವ:

ಇಡೀ ಉಣ್ಣೆಗೆ ಕೈ ಹಾಕುವ ಮೊದಲು 10 ಗ್ರಾಂನ ಸಣ್ಣ ಮಾದರಿಗಳನ್ನು ಮಾಡಿ. ಉದಾಹರಣೆಗೆ ಬೂದಿನ ಮೇಲಿನ ನೀಲಿ 5, ನೀಲಿ 3, ಹಳದಿ 1.5, ಕೆಂಪು 0.5. ಅರ್ಧ ಗ್ರಾಂ ಕೆಂಪು ಏನು ಮಾಡುತ್ತದೆ ಎಂದು ಅನ್ನಿಸಬಹುದು, ನೂತ ಮೇಲೆ ನೋಡಿ. ಇಡೀ ನೀಲಿ ಹಸಿರಿಗೆ ಅದು ಬಿಸುಪು ಕೊಡುತ್ತದೆ. ಇನ್ನೊಂದು ಮಾದರಿಯಲ್ಲಿ ಹಳದಿ ಹೆಚ್ಚಿಸಿ, ಮತ್ತೊಂದರಲ್ಲಿ ಕೆಂಪು ಬಿಟ್ಟುಬಿಡಿ. ಪ್ರತಿ ಮಾದರಿಯನ್ನೂ ನೂತು, ಹುರಿ ಮಾಡಿ, ಹೆಣೆದು ನೋಡಿಯೇ ಆರಿಸಿ. ಹಿಂಜಿದ ಉಣ್ಣೆಯಲ್ಲಿ ಕಂಡ ಬಣ್ಣ ನೂಲಿನಲ್ಲಿ ಗಾಢವಾಗುತ್ತದೆ.

ಆರಿಸಿದ ಮೇಲೆ ಅದೇ ಪ್ರಮಾಣವನ್ನು ಪ್ರತಿ ಸುತ್ತಿಗೂ ತೂಗಿ ಇಟ್ಟುಕೊಳ್ಳಿ. ಡ್ರಮ್ಮಿಗೆ ತೆಳುವಾಗಿ, ಒಂದರ ಮೇಲೊಂದು ಪದರವಾಗಿ ಉಣಿಸಿ. ಮೊದಲ ಸುತ್ತಿನಲ್ಲಿ ಪಟ್ಟೆಪಟ್ಟೆ ಇರುತ್ತದೆ. ಉದ್ದಕ್ಕೆ ಸೀಳಿ ಎರಡನೆಯ ಸಲ ಉಣಿಸಿದರೆ ಬಣ್ಣಗಳು ಕೈ ಹಿಡಿದುಕೊಳ್ಳುತ್ತವೆ, ಆದರೂ ಪ್ರತ್ಯೇಕವಾಗಿ ಕಾಣುತ್ತವೆ. ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಮೂರು ನಾಲ್ಕು ಸಲ ಉಣಿಸಿದರೆ ಪೂರ್ತಿ ಬೆರೆತು ಚಪ್ಪಟೆಯಾಗುತ್ತದೆ, ಪಟ್ಟ ಶ್ರಮ ಕಾಣುವುದೇ ಇಲ್ಲ. ಎಲ್ಲ ಸುತ್ತುಗಳೂ ಮುಗಿದ ಮೇಲೆ ಪ್ರತಿಯೊಂದರಿಂದಲೂ ಒಂದೊಂದು ಪಟ್ಟಿ ತೆಗೆದು ಮೂವರಿಗೂ ಹಂಚಿ.

ಎರಡೆಳೆ:

ನಿಧಾನದ ಗೆಳತಿಯ ಬಗ್ಗೆ: ಉಣ್ಣೆಯನ್ನು ಸಮನಾಗಿ ಹಂಚಲೇಬೇಕೆಂದಿಲ್ಲ. ಮೂರೆಳೆಯ ಹುರಿ ಮಾಡುವಾಗ ಮೂವರ ಎಳೆಯೂ ಸಮ ಉದ್ದ ಬೇಕು ನಿಜ. ಆದರೆ ಬೆನ್ನಿಗೂ ತೋಳಿಗೂ ಮೂವರ ಮೂರೆಳೆ ಇಟ್ಟು, ಕತ್ತಿನ ಪಟ್ಟಿ, ತೋಳಿನ ತುದಿ, ಕೆಳಅಂಚುಗಳಿಗೆ ಬೇಗ ನೂಲುವವರ ನೂಲನ್ನೇ ಬಳಸಬಹುದು. ಆಗ ಅವಳ ಪಾಲು ತಾನಾಗಿಯೇ ಕಡಿಮೆಯಾಗುತ್ತದೆ, ಯಾರೂ ಯಾರಿಗೂ ಕಾಯುವುದಿಲ್ಲ.

ಯಾರ ಎಳೆಯನ್ನೂ ಇನ್ನೊಬ್ಬರು ಕೇಳದೆ ಸರಿಪಡಿಸಲು ಹೋಗಬೇಡಿ. ಕದಿರನ್ನು ಕೈಯಿಂದ ತೆಗೆದುಕೊಂಡು ಹೀಗೆ ಮಾಡು ಎಂದು ತೋರಿಸುವುದು ಪ್ರೀತಿಯಿಂದಲೇ ಆದರೂ, ಎದುರಿನವರ ಉತ್ಸಾಹ ಅಲ್ಲೇ ಕುಗ್ಗುತ್ತದೆ. ನಿಧಾನವಾಗಿ ನೂಲುವವರ ಎಳೆ ಎಷ್ಟೋ ಸಲ ಎಲ್ಲರದಕ್ಕಿಂತ ಸಮವಾಗಿರುತ್ತದೆ, ಗಮನಿಸಿ ನೋಡಿ.

ಎಲ್ಲವನ್ನೂ ಬರೆದಿಡಿ. ಒಂದು ದಪ್ಪ ಪುಸ್ತಕ, ಪ್ರತಿ ಬಣ್ಣಕ್ಕೂ ಒಂದು ಪುಟ: ಬಣ್ಣ ಹಾಕಿದ ಉಣ್ಣೆಯ ಕುಚ್ಚು, ಪಟಿಕದ ತೂಕ, ಬಿಸಿ, ಎಷ್ಟು ಹೊತ್ತು, ಯಾರು ಹಾಕಿದ್ದು. ಹಿಂಜಿದ ಮೇಲಿನ ಕುಚ್ಚು, ಒಂಟಿ ಎಳೆ, ತೊಳೆದ ಹುರಿ ಪಕ್ಕದ ಪುಟದಲ್ಲಿ. ನೂಲು ಸಾಲದೆ ಬಂದರೆ ಮತ್ತೆ ಅದೇ ಬಣ್ಣಕ್ಕೆ ಹತ್ತಿರ ಹೋಗಲು ಇದೊಂದೇ ದಾರಿ. ಹೇಗೂ ಬೇಕಾದ್ದಕ್ಕಿಂತ ಹತ್ತರಲ್ಲಿ ಎರಡು ಪಾಲು ಹೆಚ್ಚೇ ನೂತಿಟ್ಟುಕೊಳ್ಳಿ.

ಮಂಜಿಷ್ಠ:

ಒಂದು ಎಚ್ಚರಿಕೆ. ನಾಲ್ಕು ಬಣ್ಣಗಳನ್ನು ಒಂದೇ ದಿನ ಮುಗಿಸಲು ಹೋಗಬೇಡಿ. ನೀಲಿಗೆ ಪೂರ್ತಿ ಒಂದು ದಿನ ಕೊಡಿ, ಬಿಳಿ ಉಣ್ಣೆ, ಬೂದು ಉಣ್ಣೆ ಎರಡನ್ನೂ ಅಂದೇ ಅದ್ದಿ. ಪಟಿಕದ ಕೆಲಸವನ್ನು ಹಿಂದಿನ ರಾತ್ರಿ ಮುಗಿಸಿಟ್ಟರೆ ಕೆಂಪು ಮತ್ತು ಹಳದಿ ಇನ್ನೊಂದು ದಿನ ಎರಡು ಒಲೆಗಳ ಮೇಲೆ ಜೊತೆಜೊತೆಯಾಗಿ ಆಗುತ್ತವೆ. ನೀಲಿಯ ಉಣ್ಣೆಯನ್ನು ನೀರು ತಿಳಿಯಾಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಮೇಲಿನ ಬಿಡಿ ನೀಲಿ ಹಿಂಜುವಾಗ ಪಕ್ಕದ ಹಳದಿಗೂ ನಿಮ್ಮ ಬೆರಳಿಗೂ ಹತ್ತುತ್ತದೆ.

ಕದಿರುಗೆಳತಿ:

ಹಾಗೆಯೇ ಮಾಡುತ್ತೇವೆ. ಬಣ್ಣ ಹಾಕಿ ಮುಗಿದ ಮೇಲೆ ಮೊದಲು ಮಾದರಿಗಳನ್ನೇ ಮಾಡಿ ನೋಡುತ್ತೇವೆ, ಸ್ವಲ್ಪ ಕೆಂಪು ಇರಲಿ ಎಂಬುದು ನಾಲ್ವರ ಆಸೆ. ನಿಧಾನದ ಗೆಳತಿಗೆ ಬೆನ್ನು ಮತ್ತು ತೋಳಿನ ಪಾಲು ಮಾತ್ರ ಎಂದಾಗ ಅವಳ ಮುಖ ಅರಳಿತು. ಅವಳ 10 ಮೀಟರ್ ತೂಕವೇ ಮೂವರಲ್ಲಿ ನಡುವಿನದಾಗಿದ್ದರಿಂದ ರಟ್ಟಿನ ಮಾದರಿಯನ್ನು ಅವಳ ನೂಲಿನಿಂದಲೇ ಮಾಡಿದ್ದೇವೆ. ಇಬ್ಬರು ಕದಿರಿನವರಲ್ಲಿ ಒಬ್ಬಳು ಎಡಗೈಯವಳು, ದಿಕ್ಕು ನೋಡಿದರೆ ಉಲ್ಟಾ ಇತ್ತು. ಈಗ ಅವಳು ದಿಕ್ಕು ಬದಲಿಸಿ ಅಭ್ಯಾಸ ಮಾಡುತ್ತಿದ್ದಾಳೆ. ನೀಲಿ ಬಾನಿ ಮೊದಲು, ಬರುವ ರಜೆಯ ದಿನ. ಫ್ರಕ್ಟೋಸ್ ಸಿಕ್ಕಿದೆ, ಸುಣ್ಣ ಸಿಕ್ಕಿದೆ, ಕ್ಷಾರ ಅಳೆಯುವ ಕಾಗದದ ಪಟ್ಟಿ ಬರಬೇಕಿದೆ. ಅದು ಬರುವವರೆಗೆ ಬಾನಿ ಕಟ್ಟುವುದಿಲ್ಲ.